ಉಳಿದದ್ದು ಮುಂದಿನ ಸಂತೆಗೆ

ರುಮಾಲು ಮೂರನೆಯ ಸಲ ಬಿಚ್ಚಿಕೊಂಡಿತು. ಟೆಂಪೋದ ಕನ್ನಡಿಯಲ್ಲಿ ತನ್ನ ಮುಖ ಕಂಡು ಸತ್ಯಮಿತ್ರನಿಗೆ ಅಜ್ಜನ ನೆನಪೇನೂ ಆಗಲಿಲ್ಲ. ಕಾಲೇಜಿನ ಗ್ಯಾದರಿಂಗಿನ ನಾಟಕದಲ್ಲಿ ಮಾತು ಮರೆತು ನಿಂತ ತನ್ನ ವಿದ್ಯಾರ್ಥಿಯೊಬ್ಬನ ನೆನಪಾಯಿತು.

"ಅಲ್ಲಾಡಬ್ಯಾಡ್ರಿ ಸರ್ರ," ಎಂದು ಚರ್ಚಿನ ಸಭೆಯ ಕಾರ್ಯದರ್ಶಿ ಗಿಡಿಯೋನ ರುಮಾಲಿಗೆ ಗುಂಡುಸೂಜಿ ಚುಚ್ಚಿದ. "ಇವತ್ತೊಂದಿನ ನೀವು ಯೋಹಾನಪ್ಪನವರು."

ಯೋಹಾನಪ್ಪ ಅವನ ಅಜ್ಜ. ಬೆಟಗೇರಿಯ ನೇಕಾರ, ಕ್ರೈಸ್ತನಾದ ಮೇಲೆ ಮಗ್ಗ ಬಿಟ್ಟು, ಹನ್ನೊಂದು ವರ್ಷ ವಾರವಾರವೂ ಮುಂಡರಗಿ ಸಂತೆಗೆ ನಡೆದುಹೋಗಿ ಸುವಾರ್ತೆ ಸಾರಿದನೆಂದು ಸಭೆಯ ಶತಮಾನೋತ್ಸವದ ಪುಸ್ತಿಕೆಯಲ್ಲಿದೆ. ಪುಸ್ತಿಕೆ ಬರೆದವನು ಗದಗಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸತ್ಯಮಿತ್ರನೇ. ಹನ್ನೊಂದು ವರ್ಷಕ್ಕೆ ಆಧಾರ, ಅಪ್ಪ ಹೇಳುತ್ತಿದ್ದ ಮಾತು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಅವನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ.

ಈಗ ಸಭೆ ಅದೇ ಹೆಜ್ಜೆಯಲ್ಲಿ ನಡೆಯುತ್ತಿತ್ತು, ಎರಡು ಟೆಂಪೋಗಳಲ್ಲಿ. ಮುಂಡರಗಿಯ ಪೆಟ್ರೋಲ್ ಬಂಕಿನ ಹತ್ತಿರ ಇಳಿದು ಸಂತೆಯವರೆಗೆ ನಡೆಯುವುದೆಂದು ಕಮಿಟಿಯಲ್ಲಿ ಠರಾವಾಗಿತ್ತು. ಇಡೀ ದಾರಿ ನಡೆಯೋಣ ಎಂದು ಹಟ ಹಿಡಿದಿದ್ದ ಇಬ್ಬರಿಗೂ ಇಂದು ಬೆಳಿಗ್ಗೆ ಮೊಣಕಾಲು ಹಿಡಿದಿತ್ತು, ಅವರು ಬರಲಿಲ್ಲ. ಡಂಬಳದ ಕೆರೆ ದಂಡೆಯಲ್ಲಿ ಯೋಹಾನಪ್ಪ ಒಣರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದನಂತೆ. ಅದರ ಸ್ಮರಣೆಗೆಂದು ಎಲ್ಲರೂ ಅಲ್ಲಿ ಇಳಿದು ಗಿರ್ಮಿಟ್ಟು, ಮಿರ್ಚಿ ತಿಂದು, ಕೈ ಒರೆಸಿಕೊಂಡು ಒಂದು ಕೀರ್ತನೆ ಹಾಡಿದರು.

ಚಪ್ಪಲಿ ಕಚ್ಚುತ್ತಿತ್ತು. ಅಜ್ಜನ ನಿಜವಾದ ಚಪ್ಪಲಿಗಳು ಚರ್ಚಿನ ಗಾಜಿನ ಕಪಾಟಿನಲ್ಲಿವೆ. ಹಾಕಿಕೊಂಡರೆ ಸವೆಯುತ್ತವೆಂದು ಗಿಡಿಯೋನ ಅವನ್ನು ಕೊಟ್ಟಿರಲಿಲ್ಲ. ಪೇಟೆಯಿಂದ ಹೊಸ ಜೋಡಿ ತಂದು ಮಣ್ಣು ಮೆತ್ತಿದ್ದ.

ಬಂಕಿನ ಹತ್ತಿರ ಬ್ಯಾನರು ಬಿಚ್ಚಿದರು. ‘ಶಿಷ್ಯತ್ವದ ನಾಲ್ಕು ತಲೆಮಾರು.’ ಮೊದಲು ಯೋಹಾನಪ್ಪನ ಫೋಟೋ, ಆಮೇಲೆ ಮಿಷನ್ ಶಾಲೆಯ ಹೆಡ್‌ಮಾಸ್ತರನಾಗಿ ತೀರಿಕೊಂಡ ಅಪ್ಪನದು, ಆಮೇಲೆ ಸತ್ಯಮಿತ್ರನದು. ನಾಲ್ಕನೆಯದು ಅವನ ಮಗ ವಿನೀತನದು. ಬ್ಯಾನರು ಅಚ್ಚಾದ ಮೇಲೆ ಆಕ್ಷೇಪಣೆ ಬಂದು ವಿನೀತನ ಮುಖದ ಮೇಲೆ ಬಿಳಿ ಕಾಗದದ ಪಾರಿವಾಳ ಅಂಟಿಸಿದ್ದರು. ಗಾಳಿಗೆ ಅದರ ಒಂದು ರೆಕ್ಕೆ ಏಳುತ್ತಿತ್ತು. ಗಿಡಿಯೋನ ಬೆರಳಿಗೆ ಎಂಜಲು ಹಚ್ಚಿ ಅದನ್ನು ಒತ್ತಿದ.

ವಿನೀತ ಹೋದ ವರ್ಷ ಹೊಸದೊಂದು ಪ್ರಾರ್ಥನೆಯ ಗುಂಪು ಸೇರಿ, ಸಿಂಗಟಾಲೂರಿನ ಹತ್ತಿರ ಹೊಳೆಯಲ್ಲಿ ಮುಳುಗಿ ಎದ್ದು, ಎರಡನೆಯ ಸಲ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಕೂಸಿದ್ದಾಗ ಹಣೆಗೆ ಹಾಕಿದ ನೀರು ಲೆಕ್ಕಕ್ಕಿಲ್ಲ ಎಂದಿದ್ದ. ಸತ್ಯಮಿತ್ರ ಸಭೆಯ ಹಿರಿಯರಲ್ಲೊಬ್ಬ. ಅವನ ಮಗನೇ ಹೀಗೆಂದರೆ ನಾಲ್ಕು ಮಂದಿಗೆ ಹೇಗೆ ಮುಖ ತೋರಿಸುವುದು? ಸತ್ಯಮಿತ್ರ ಮಗನಿಗೆ ಬಾಗಿಲು ತೋರಿಸಿದ. ಸತ್ಯಮಿತ್ರನಿಗೋ ದೇವರಲ್ಲಿ ನಂಬಿಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ನಂಬದ ಅಪ್ಪ, ನಂಬಿದ ಮಗನನ್ನು, ಸರಿಯಾಗಿ ನಂಬಲಿಲ್ಲವೆಂದು ಹೊರಗೆ ಹಾಕಿದ್ದ.

ಬೆಳಿಗ್ಗೆ ಹೊರಡುವಾಗ ಫೋನು ಬಂದಿತ್ತು.

"ಪಪ್ಪಾ, ಈ ರವಿವಾರ ಮನಿಗೆ ಬರ್ಲೇನು?"

"ಗಡಿಬಿಡ್ಯಾಗ ಅದೀನಿ."

"ಮಮ್ಮಿನ್ನ ನೋಡಿ ಹೋಗ್ತೀನಿ, ಅಷ್ಟ."

"ಮುಂದಿನ ವಾರ ನೋಡೂಣಂತ."

ಏಳು ತಿಂಗಳಿಂದ ಈ ಮುಂದಿನ ವಾರ ಬಂದಿರಲಿಲ್ಲ.

ಮೆರವಣಿಗೆ ಹತ್ತು ನಿಮಿಷದಲ್ಲಿ ಸಂತೆ ಮುಟ್ಟಿತು. ಬೇವಿನ ಗಿಡದ ಕಟ್ಟೆ ಹತ್ತಿ ಸತ್ಯಮಿತ್ರ ಬಾಯಿಪಾಠ ಮಾಡಿದ್ದ ಅಜ್ಜನ ಪ್ರಸಂಗ ಶುರು ಮಾಡಿದ. ಪ್ರಸಂಗವನ್ನೂ ಅವನೇ ಬರೆದಿದ್ದ.

"ಸರ್ರ, ಇನ್ನೊಮ್ಮೆ," ಎಂದ ವಿಡಿಯೋದ ನಯಾಜ. "ಕೊತ್ತಂಬರಿ ಗಾಡಿ ಅಡ್ಡ ಬಂತು."

ಎರಡನೆಯ ಸಲ ಚೆನ್ನಾಗಿ ಬಂತು. ಮೂರನೆಯ ಸಲ, ಕೈ ಇನ್ನೂ ಮೇಲೆತ್ತಬೇಕೆಂದು ಗಿಡಿಯೋನ ಹೇಳಿದ್ದರಿಂದ, ಕೈ ಮೇಲೆತ್ತಿದ. ಆಮೇಲೆ ಎಲ್ಲರೂ ಪುಸ್ತಿಕೆ ಹಂಚಲು ಚದುರಿದರು. ಸತ್ಯಮಿತ್ರ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು.

"ಬಂದ್ಯಾ?"

ಕಟ್ಟೆಯ ಕೆಳಗೆ ಗೋಣಿತಟ್ಟಿನ ಮೇಲೆ ಹುಣಸೆಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದ ಮುದುಕಿ ಅವನನ್ನೇ ನೋಡುತ್ತಿದ್ದಳು.

"ಯಾರಿಗೆ ಕೇಳಾಕತ್ತೀರಿ?"

"ಆ ರುಮಾಲಿನ ಮುತ್ಯಾಗ. ನೀ ಅವನ ಮೊಮ್ಮಗ ಅಂತ ಈಗ ಹೇಳಿದ್ರಲ್ಲ." ಅವಳ ಹೆಸರು ಹನಮಂತವ್ವ ಅಂತೆ. "ನಾ ಸಣ್ಣ ಹುಡುಗಿ, ಪರಕಾರ ಉಡೂವಾಗ ಬಂದಿದ್ದ ನೋಡಪಾ. ನಮ್ಮವ್ವ ಇಲ್ಲೇ ಮಾರ್ತಿದ್ಲು. ಒಂದ ಸಂತಿಗೆ ಬಂದ."

"ಹನ್ನೊಂದು ವರ್ಷ ಬಂದಾರವ್ವಾ."

"ಒಂದ ಸಂತಿ. ನಾ ಒಂದರ ಸಂತಿ ತಪ್ಪಿಸೀನೇನು, ನನಗ ಗೊತ್ತಾಗೂದಿಲ್ಲಂತ?"

ಸತ್ಯಮಿತ್ರನೊಳಗಿನ ಇತಿಹಾಸದ ಮಾಸ್ತರ ಎದ್ದು ಕೂತ. ಅಜ್ಜನಿಗೆ ಸಂತೆಗೆ ಹೊರಟ ವರ್ಷವೇ ಬೆಟಗೇರಿಯ ಶಾಲೆಯಲ್ಲಿ ನೌಕರಿಯೂ ಒಂದು ಸೈಕಲ್ಲೂ ಸಿಕ್ಕಿದ್ದವು. ಆ ಕಾಗದವನ್ನು ಅವನು ನೋಡಿದ್ದ, ಪುಸ್ತಿಕೆಯಲ್ಲಿ ಹಾಕಿರಲಿಲ್ಲ.

"ಕತಿ ಹೇಳಿದ," ಎಂದಳು ಹನಮಂತವ್ವ. "ಒಬ್ಬಂಗ ಇಬ್ಬರು ಗಂಡಮಕ್ಕಳು. ಸಣ್ಣಾಂವ ಪಾಲು ಇಸಗೊಂಡು ದೇಶಾಂತರ ಹೋದ. ಎಲ್ಲಾ ಹಾಳು ಮಾಡಿಕೊಂಡು ಹಂದಿ ಕಾಯಾಕ ನಿಂತ. ಹಸಿವಿ ತಾಳಲಾರದ ಒಂದಿನ ಮನಿ ಹಾದಿ ಹಿಡದ. ಅಷ್ಟು ಹೇಳಿ ನಿಮ್ಮಜ್ಜ, ಉಳದದ್ದು ಮುಂದಿನ ಸಂತಿಗೆ ಅಂತಂದು ಎದ್ದು ಹೋದ."

"ಆಮ್ಯಾಲೆ?"

"ಆಮ್ಯಾಲೆ ಏನು ಅಂತ ನಾನ ಕೇಳಾಕತ್ತೀನಿ. ನನ್ನ ಮಕ್ಕಳಿಗೆ ಹೇಳೀನಿ, ಮೊಮ್ಮಕ್ಕಳಿಗೆ ಹೇಳೀನಿ. ಎಲ್ಲಾರಿಗೂ ಅಂವ ಹಾದ್ಯಾಗ ನಿಂತಾನ. ಖರೆ ಹೇಳು, ಅಪ್ಪ ಒಳಗ ಕರಕೊಂಡನೋ, ಬಾಗಲಾ ಹಾಕ್ಯಾನೋ?"

ಸತ್ಯಮಿತ್ರನಿಗೆ ಉತ್ತರ ಗೊತ್ತಿತ್ತು. ಏಳನೆಯ ವಯಸ್ಸಿನಲ್ಲಿ ಅದನ್ನು ತಪ್ಪಿಲ್ಲದೆ ಒಪ್ಪಿಸಿ ಪೆನ್ಸಿಲ್ ಬಹುಮಾನ ಗೆದ್ದಿದ್ದ. ದೂರದಲ್ಲಿ ಮಗನನ್ನು ಕಂಡ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಒಂದೇ ವಾಕ್ಯ. ಈಗಷ್ಟೇ ಅರ್ಧ ಸಂತೆಗೆ ಕೇಳುವಂತೆ ಮೂರು ಸಲ ಕಿರುಚಿದ್ದ ಬಾಯಿಗೆ ಆ ವಾಕ್ಯ ಬರಲೊಲ್ಲದು. ಹೇಳಿದರೆ ತಾನೂ ಕೇಳಿಸಿಕೊಳ್ಳಬೇಕಾಗುತ್ತದೆ. ಅವನಿಗೆ ಭಯವಾಯಿತು, ಭಯಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

"ಸರ್ರ, ಊಟ ಆರಾಕತ್ತೈತಿ," ಎನ್ನುತ್ತ ಗಿಡಿಯೋನ ಬಂದ. ಮುದುಕಿಯನ್ನು ಕಂಡು ಅವಳ ಕೈಗೂ ಒಂದು ಪುಸ್ತಿಕೆ ಕೊಟ್ಟ. "ಇದ್ರಾಗ ಎಲ್ಲಾ ಐತವ್ವಾ."

"ಓದಾಕ ಬರೂದಿಲ್ಲಪಾ. ಅಪ್ಪ ಏನು ಮಾಡಿದ ಅನ್ನೂದು ಐತೇನು?"

"ಇವರ ಅಪ್ಪಾರು ಹೆಡ್‌ಮಾಸ್ತರ ಆಗಿದ್ರು," ಎಂದ ಗಿಡಿಯೋನ ಅಭಿಮಾನದಿಂದ.

ಟೆಂಪೋ ಹಾರ್ನು ಹೊಡೆಯಿತು. ಕೋಟಿನ ಜೇಬಿನಲ್ಲಿ ಮೊಬೈಲು ನಡುಗತೊಡಗಿತು. ಸತ್ಯಮಿತ್ರ ಎದ್ದ.

"ಮುಂದಿನ ಸಂತಿಗೆ ಬರ್ತೀನವ್ವಾ," ಎಂದ. "ಬಂದು ಹೇಳ್ತೀನಿ."

ಹನಮಂತವ್ವ ನಗಲಿಲ್ಲ, ಬೈಯಲಿಲ್ಲ. "ಅಂವನೂ ಹಿಂಗ ನಿಂತು ಅಂದಿದ್ದ," ಎಂದು ಹುಣಸೆಹಣ್ಣಿನ ಮೇಲಿನ ನೊಣ ಓಡಿಸಿದಳು.

ಸೀಟಿನಲ್ಲಿ ಕೂತ ಮೇಲೆ ಬರಿಗಾಲಲ್ಲಿ ಬಂದದ್ದು ಗೊತ್ತಾಯಿತು. ಪಕ್ಕದಲ್ಲಿ ನಯಾಜ ಚಿತ್ರೀಕರಣವನ್ನು ಹಿಂದಕ್ಕೋಡಿಸಿ ನೋಡುತ್ತಿದ್ದ. "ಮಸ್ತ್ ಬಂದೈತ್ರಿ ಸರ್ರ. ಖರೇನ ಅವರ ಬಂದಂಗ ಆತು." ಮೊಬೈಲು ಒಮ್ಮೆ ಸುಮ್ಮನಾಗಿ ಮತ್ತೆ ನಡುಗಿತು. ತೆಗೆದು ನೋಡಿದ. ವಿನೀತನ ಹೆಸರಿತ್ತು. ಅಂಗೈಯಲ್ಲಿ ಅದನ್ನು ಹಾಗೇ ಹಿಡಿದುಕೊಂಡು ಕೂತ.

ಟೆಂಪೋ ತಿರುಗುವಾಗ ಹಿಂದಿನ ಗಾಜಿನಲ್ಲಿ ಬೇವಿನ ಕಟ್ಟೆ ಕಂಡಿತು. ಹನಮಂತವ್ವ ಚಪ್ಪಲಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ, ಎರಡನ್ನೂ ಜೋಡಿಸಿ ಕಟ್ಟೆಯ ಬುಡದಲ್ಲಿಟ್ಟಳು, ಯಾರೋ ಈಗಷ್ಟೇ ಬಿಟ್ಟು ಮನೆಯೊಳಗೆ ಹೋದ ಹಾಗೆ. ಅಲ್ಲಿ ಮನೆಯಿರಲಿಲ್ಲ, ಬಾಗಿಲೂ ಇರಲಿಲ್ಲ. ಹೊಸ ಚಪ್ಪಲಿಗಳು ಬಿಸಿಲಿಗೆ ಮಿಂಚುತ್ತಿದ್ದವು.