ಐವತ್ತಕ್ಕೆ ಒಂದು ಕಮ್ಮಿ

"ಬಿಡೇ, ಆ ಬಿಳಿ ಬಣ್ಣ ಹೋಗಲ್ಲ. ನಲವತ್ತು ವರ್ಷದಿಂದ ಉಜ್ಜಿ ಉಜ್ಜಿ ನಾನೇ ಸೋತಿದೀನಿ," ಎಂದಳು ತಾಯಿ.

ಮಗಳು ಥಿನ್ನರ್ ಅದ್ದಿದ ಬಟ್ಟೆಯಿಂದ, ತೀರಿಹೋದ ಅಪ್ಪನ ಉಗುರುಗಳನ್ನು ಉಜ್ಜುತ್ತಲೇ ಇದ್ದಳು. ದೇಶದ ಫುಟ್‌ಬಾಲ್ ತಂಡ ಆಡುವ ಸ್ಟೇಡಿಯಂನಲ್ಲಿ ದಾಖಲೆಯ ಬೋರ್ಡು ಬರೆಯುತ್ತಿದ್ದ ಪೇಂಟರ್ ಅವನು. ಗೆದ್ದ ಕಪ್‌ಗಳು ಮೇಲೆ, ದೇಶಕ್ಕಾಗಿ ಯಾರು ಎಷ್ಟು ಗೋಲು ಹೊಡೆದರೆಂಬುದು ಕೆಳಗೆ. ಅಚ್ಚು ಇಟ್ಟು ಬರೆದವನಲ್ಲ, ಎಲ್ಲ ಕೈಬರಹವೇ. ಮಗಳದೂ ಅದೇ ಕಸುಬು. ಅಂಗಡಿಗಳ ಬೋರ್ಡು ಬರೆಯುತ್ತಾಳೆ.

ಅಷ್ಟರಲ್ಲಿ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಬಂದ. ಕೈಯಲ್ಲಿ ಮಡಿಸಿದ ದೇಶದ ಬಾವುಟ.

"ಪೆಟ್ಟಿಗೆ ಮೇಲೆ ಇದನ್ನ ಹೊದಿಸೋಣಮ್ಮ. ಸ್ಟೇಡಿಯಂನಲ್ಲಿ ಒಂದು ಗಂಟೆ ದರ್ಶನಕ್ಕೂ ಇಡ್ತೀವಿ. ಯಾವ ಪೇಂಟರ್‌ಗೆ ಸಿಕ್ಕಿದೆ ಈ ಮರ್ಯಾದೆ?" ಆಮೇಲೆ ದನಿ ತಗ್ಗಿಸಿದ. "ನಾಳೆ ನಮ್ಮ ಹಳೇ ಕ್ಯಾಪ್ಟನ್ ಸಾಹೇಬರಿಗೆ ಸನ್ಮಾನ. ಬೋರ್ಡಲ್ಲಿ ಅವರ ಹೆಸರಿನ ಮುಂದೆ ಐವತ್ತು ಗೋಲು ಅಂತ ಬರೆಸಿದೀವಿ. ನಿಮ್ಮ ಮಗಳು ಅದರ ತಂಟೆಗೆ ಬರಬಾರದು, ಅಷ್ಟೇ."

ತಾಯಿ ಬಾವುಟವನ್ನೇ ನೋಡಿದಳು. ಗಂಡನಿಗೆ ಜೀವಮಾನದಲ್ಲಿ ಒಂದು ಸರ್ಟಿಫಿಕೇಟೂ ಸಿಕ್ಕಿರಲಿಲ್ಲ. ಅವಳಿಗೆ ಆಸೆಯಾಯಿತು. ಆಗದೆ ಇರುತ್ತದೆಯೇ?

*

ಎಷ್ಟೋ ವರ್ಷಗಳ ಹಿಂದೆ, ಮೂರನೆಯ ಕಪ್‌ನ ಫೈನಲ್. ಪೇಂಟರ್ ಗೋಲಿನ ಹಿಂದೆಯೇ ಏಣಿಯ ಮೇಲೆ ಕೂತಿದ್ದ. ಕಾರ್ನರ್‌ನಿಂದ ಬಂದ ಚೆಂಡಿಗೆ ಕ್ಯಾಪ್ಟನ್ ತಲೆಯೊಡ್ಡಿ ಹಾರಿದ. ಚೆಂಡು ಅವನ ಕೂದಲನ್ನೂ ಸೋಕದೆ, ಹಿಂದಿದ್ದ ಅದೇ ತಂಡದ ರೈಟ್‌ಬ್ಯಾಕ್‌ನ ಬಲಭುಜಕ್ಕೆ ತಾಗಿ ಒಳಗೆ ಬಿತ್ತು. ಕೈ ಎತ್ತಿಕೊಂಡು ಓಡಿದವನು ಮಾತ್ರ ಕ್ಯಾಪ್ಟನ್. ರೈಟ್‌ಬ್ಯಾಕ್ ಬಾಯಿ ಹೊಲಿದುಕೊಂಡು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ.

ಐವತ್ತನೇ ಗೋಲು ಎಂದು ಸಂಘ ಸಾರಿತು. ಪೇಂಟರ್ ನಲವತ್ತೊಂಬತ್ತನ್ನೇ ಉಳಿಸಿ, ಕೊನೆಯ ಸಾಲಿನಲ್ಲಿ ರೈಟ್‌ಬ್ಯಾಕ್‌ನ ಹೆಸರು ಬರೆದು, ಮುಂದೆ ಒಂದು ಎಂದು ಹಾಕಿದ.

"ತಲೆ ಕೆಟ್ಟಿದ್ಯೇನಯ್ಯಾ?" ಎಂದರು ಸಂಘದವರು.

"ಕಣ್ಣು ನೆಟ್ಟಗಿದೆ ಸಾರ್."

ಕೆಲಸ ಹೋಯಿತು. ಅವರು ಐವತ್ತು ಬರೆಸುವುದು, ಇವನು ಹಾಡಹಗಲೇ ಹೋಗಿ ತಿದ್ದುವುದು, ಹೀಗೆ ಹನ್ನೊಂದು ಸಲ. ಏಣಿ ಹೊತ್ತು ಬಂದ ಪೇಂಟರನ್ನು ಯಾವ ಕಾವಲುಗಾರ ತಡೆಯುತ್ತಾನೆ? ಬಳಿದು ಬಳಿದು ಆ ಜಾಗದಲ್ಲಿ ಬಣ್ಣ ಬೋರ್ಡಿನಿಂದ ಉಬ್ಬಿ ನಿಂತಿತ್ತು.

*

"ಹೊದಿಸ್ಲಾ?" ಎಂದ ಕಾರ್ಯದರ್ಶಿ.

ತಾಯಿ ಬಾವುಟವನ್ನು ಮೆಲ್ಲಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ನಿಂತಾಗ ಬಗ್ಗದವರನ್ನ ಈಗ ಮಲಗಿಸಿ ಬಗ್ಗಿಸ್ತೀರಾ? ತಗೊಂಡು ಹೋಗಿ. ನಮ್ಮ ಮನೇಲಿ ಹೊದಿಕೆ ಇದೆ."

"ಯೋಚನೆ ಮಾಡಮ್ಮ. ಆ ರೈಟ್‌ಬ್ಯಾಕೇ ಇವತ್ತಿನವರೆಗೂ ಗೋಲು ನಂದು ಅಂದಿಲ್ಲ."

ಮೂಲೆಯಲ್ಲಿದ್ದ ಮುದುಕ ಎದ್ದ. ಆಟ ಬಿಟ್ಟ ಮೇಲೆ ಬಸ್ ಡಿಪೋದಲ್ಲಿ ಟೈರು ಬದಲಿಸಿ ಮುದುಕನಾದ ರೈಟ್‌ಬ್ಯಾಕ್ ಅವನೇ.

"ಅಂದಿಲ್ಲ, ನಿಜ. ಬಾಯಿ ಬಿಟ್ರೆ ಮುಂದಿನ ಮ್ಯಾಚಿಗೆ ಕರೆಯಲ್ಲ ಅಂತ ಹೆದರಿದೆ. ಹೇಗೂ ಕರೀಲಿಲ್ಲ. ನನ್ನ ಹೇಡಿತನಕ್ಕೆ ಈ ಪೇಂಟರಣ್ಣ ಕೆಲಸ ಕಳ್ಕೊಂಡ." ಬಲಭುಜ ತಟ್ಟಿಕೊಂಡ. "ಇಲ್ಲಿಗೆ ತಾಗಿತ್ತು ಸಾರ್. ಗೋಲು ನಂದು."

ಕಾರ್ಯದರ್ಶಿ ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಮಧ್ಯಾಹ್ನ ಪೆಟ್ಟಿಗೆ ಹೊತ್ತವರು ಸ್ಮಶಾನದ ದಾರಿ ಬಿಟ್ಟು ಸ್ಟೇಡಿಯಂ ಕಡೆ ತಿರುಗಿದರು. ಮುಂದೆ ಮಗಳು, ಅವಳ ಹೆಗಲ ಮೇಲೆ ಅಪ್ಪನ ಏಣಿ. ಕಾವಲುಗಾರ ಏಣಿ ನೋಡಿದ, ಪೆಟ್ಟಿಗೆ ನೋಡಿದ, ಟೋಪಿ ತೆಗೆದು ಗೇಟು ತೆರೆದ.

ಐವತ್ತರ ಬಣ್ಣ ಇನ್ನೂ ಆರಿರಲಿಲ್ಲ. ಅಪ್ಪನ ಉಗುರು ಉಜ್ಜಿದ ಬಟ್ಟೆಯಿಂದಲೇ ಅದನ್ನು ಒರೆಸಿ, ಮಗಳು ನಲವತ್ತೊಂಬತ್ತು ಬರೆದಳು. ಸಂಘದವರು ಅಳಿಸಿದ್ದ ಕೊನೆಯ ಸಾಲನ್ನೂ ಬರೆದಳು. ರೈಟ್‌ಬ್ಯಾಕ್ ಕೆಳಗೆ ಏಣಿ ಹಿಡಿದು ನಿಂತಿದ್ದ.

"ಒಂಬತ್ತು ಸೊಟ್ಟ ಆಯ್ತಲ್ಲೇ," ಎಂದಳು ತಾಯಿ.

"ಇರ್ಲಿ ಬಿಡಮ್ಮ. ಹೇಗೂ ಅಳಿಸ್ತಾರಲ್ಲ, ಮುಂದಿನ ಸಲ ನೆಟ್ಟಗೆ ಬರೀತೀನಿ."

ಪೆಟ್ಟಿಗೆ ಮತ್ತೆ ಮೇಲೆದ್ದಿತು. ರೈಟ್‌ಬ್ಯಾಕ್‌ನ ಬಲಭುಜದ ಮೇಲೆ ಬಿಳಿ ಬಣ್ಣದ ದೊಡ್ಡ ಹನಿಯೊಂದು ಬಿದ್ದಿತ್ತು. ಅವನು ಅದನ್ನು ಒರೆಸಿಕೊಳ್ಳದೆ, ಅದೇ ಭುಜವನ್ನು ಪೆಟ್ಟಿಗೆಗೆ ಕೊಟ್ಟ.