ಅರವತ್ತೆಂಟು ನಿಮಿಷದ ಪತ್ತೇದಾರ

ಮಂಗಳವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಕಾನ್‌ಸ್ಟೆಬಲ್ ಅಮೀನಪ್ಪ ವಿಜಯನಗರದ ಮನೆಯೊಂದಕ್ಕೆ ನೋಟಿಸ್ ತಂದರು. ಹೇಮಶ್ರೀ, ಇಪ್ಪತ್ತಾರು ವರ್ಷ, ಹೊಸಹಳ್ಳಿ ಮೆಟ್ರೊ ಬಳಿ ಸ್ಕೂಟರ್‌ಗೆ ಕಾರು ಗುದ್ದಿ ಸಾವು. ಚಾಲಕ ಪತ್ತೆಯಾಗಿಲ್ಲ, ಪ್ರಕರಣ ಮುಕ್ತಾಯ. ತಕರಾರಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು.

ದೂರು ಕೊಟ್ಟಿದ್ದ ತಾಯಿ ಬಸವರಾಜೇಶ್ವರಿ ಟಿವಿ ಮುಂದಿದ್ದರು. ಮಗಳು ಹೋದ ಮೇಲೆ ದಿನಕ್ಕೊಂದು ಹಳೆಯ ಇಂಗ್ಲಿಷ್ ಪತ್ತೇದಾರಿ ಸಿನಿಮಾ ನೋಡುತ್ತಿದ್ದರು. ಕಪ್ಪುಬಿಳುಪು, ಹಾಡಿಲ್ಲ, ಇವತ್ತಿನದು ಅರವತ್ತೆಂಟೇ ನಿಮಿಷ. ಮಾತು ಅರ್ಧ ಅರ್ಥವಾದರೆ ಹೆಚ್ಚು. ಹತ್ತನೇ ನಿಮಿಷಕ್ಕೆ ಹೆಣ ಬೀಳುತ್ತದೆ. ಕೊನೆಗೆ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಒಬ್ಬನ ಹೆಸರು ಹೇಳುತ್ತಾನೆ. ಅವರಿಗೆ ಬೇಕಾಗಿದ್ದುದೂ ಒಂದು ಹೆಸರು.

“ಆ ಹ್ಯಾಟಿನವನು ಒಂದು ಗಂಟೇಲಿ ಹಿಡೀತಾನೆ. ನಿಮಗೆ ನಾಲ್ಕು ತಿಂಗಳು ಸಾಲ್ಲಿಲ್ವಾ?”

“ಅವನಿಗೆ ಬಂದೋಬಸ್ತ್ ಡ್ಯೂಟಿ ಇಲ್ವಲ್ಲಮ್ಮ.”

“ಸ್ಕೂಟರ್ ಮಡ್‌ಗಾರ್ಡ್ ಮೇಲೆ ಆ ಕಾರಿನ ಕೆಂಪು ಬಣ್ಣ ಹತ್ತಿತ್ತು. ನಿಮ್ಮೋರೇ ಒರೆಸಿದ್ದು. ತಕರಾರಲ್ಲಿ ಅದನ್ನೇ ಬರೆಸ್ತೀನಿ.”

“ಸ್ಟೇಷನ್ನಲ್ಲಿ ಜಾಗ ಇಲ್ಲ ಅಂತ ಗಾಡೀನ ಇಲ್ಲೇ ಬಿಟ್ಟಿದ್ವಿ. ಲ್ಯಾಬಿನೋರು ಬರೋ ಹೊತ್ತಿಗೆ ಬಣ್ಣಾನೇ ಇರ್ಲಿಲ್ಲ.”

“ಹಂಗಾದ್ರೆ ನಮ್ಮನೆಯವ್ರು ಒರೆಸಿದ್ರಾ?”

ದಿವಾನದ ಮೇಲಿದ್ದ ಗಂಡ ರೇವಣಸಿದ್ದಪ್ಪ ರಿಮೋಟ್ ತೆಗೆದುಕೊಂಡು ಟಿವಿ ಸದ್ದು ನಿಲ್ಲಿಸಿದರು.

“ಹೌದು ಕಣೇ. ನಾನೇ ತೊಳೆದೆ.”

ಅಪಘಾತವಾಗಿ ಒಂಬತ್ತು ದಿನಕ್ಕೆ ಆಯುಧಪೂಜೆ ಬಂದಿತ್ತು. ಲಿಂಗಾಯತರ ಮನೆ, ಸಾವಿನ ಸೂತಕವಿಲ್ಲ. ಪೂಜೆ ನಿಲ್ಲಿಸುವ ಮಾತೇ ಬರಲಿಲ್ಲ. ಪ್ರತಿವರ್ಷ ಸ್ಕೂಟರ್ ತೊಳೆಯುತ್ತಿದ್ದವಳು ಹೇಮಶ್ರೀ. ಈ ಸಲ ರೇವಣಸಿದ್ದಪ್ಪ ಸೋಪಿನ ನೀರು, ತೆಂಗಿನ ನಾರು ಹಿಡಿದು ಗೇಟಿನ ಬಳಿ ಕೂತು ಉಜ್ಜಿದ್ದರು. ಸೊಟ್ಟಗಾದ ಹ್ಯಾಂಡಲ್‌ಗೆ ವಿಭೂತಿ ಬಳಿದು ಚೆಂಡುಹೂ ಕಟ್ಟಿದ್ದರು.

“ಕೆಂಪಗಿದ್ದಿದ್ದು ಕಾಣ್ಲಿಲ್ವಾ ನಿಮಗೆ?”

“ರಕ್ತ ಅಂದ್ಕೊಂಡೆ. ನೀನು ನೋಡ್ಬಾರ್ದು ಅಂತ ಜಾಸ್ತಿ ಉಜ್ಜಿದೆ.”

“ಆಮೇಲೆ?”

“ಲ್ಯಾಬಿನೋರು ಕೇಳಿದಾಗ ಅದು ಕಾರಿನ ಬಣ್ಣ ಅಂತ ಗೊತ್ತಾಯ್ತು.”

“ನಾಲ್ಕು ತಿಂಗಳಿಂದ ಈ ಪೊಲೀಸ್ನೋರಿಗೆ ಶಾಪ ಹಾಕ್ತಿದೀನಿ. ಪಕ್ಕದಲ್ಲೇ ಕೂತು ಕೇಳ್ತಿದ್ರಲ್ರೀ.”

ಅಮೀನಪ್ಪ ನೆಲ ನೋಡುತ್ತ ಪೆನ್ನು ಚಾಚಿದರು. ಬಸವರಾಜೇಶ್ವರಿ ನೋಟಿಸ್ ತಲುಪಿದ್ದಕ್ಕೆ ಸಹಿ ಹಾಕಿ, ತಾರೀಖು ಬರೆದು, ಒಳಗೆ ಹೋದರು.

ತಕರಾರು ಅರ್ಜಿ ಸಲ್ಲಿಕೆಯಾಗಲಿಲ್ಲ. ಫೆಬ್ರವರಿ ಹನ್ನೊಂದರಂದು ನ್ಯಾಯಾಲಯ ಪೊಲೀಸರ ವರದಿಯನ್ನು ಒಪ್ಪಿಕೊಂಡಿತು.