ಅವ್ವನ ಹಲಗೆಗೆ ವಾರ್ನಿಷ್

ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಗುತ್ಯಪ್ಪ ಶಿಕಾರಿಪುರದ ಮರಗೆಲಸದ ಅಂಗಡಿಯೊಂದರಲ್ಲಿ ವಾರ್ನಿಷ್ ಬಳಿಯುವುದನ್ನು ಕಲಿತ. ಕಲಿತದ್ದೇ ತಡ, ಅದು ತಲೆಗೇರಿತು. ಬಾಗಿಲು, ಮಣೆ, ಒನಕೆ, ಕೊನೆಗೆ ಸೌಟಿನ ಹಿಡಿಯನ್ನೂ ಬಿಡಲಿಲ್ಲ. "ಮೀಸೆಗೂ ಒಂದಿಷ್ಟು ಎಳ್ಕೊಂಬಿಡ್ರಿ, ಮಳೇಲಿ ನೆನೆಯಲ್ಲ" ಎಂದು ಹೆಂಡತಿ ಹುಲಿಯಮ್ಮ ನಗುತ್ತಿದ್ದಳು. ಆದರೂ ತನ್ನ ಅವ್ವನ ಹಲಗೆಯ ವಿಷಯದಲ್ಲಿ ಅವನ ಮಾತು ನಂಬಿದವಳು ಅವಳೇ.

ಆ ಹಲಗೆಯ ಕಥೆ ಇಷ್ಟು. ಮದುವೆಯಾಗಿ ಇಬ್ಬರೂ ಬಾಡಿಗೆ ಮನೆಗೆ ಬಂದಾಗ, ಸುಣ್ಣ ಹೊಡೆದ ಗೋಡೆಯ ಮೇಲೆ ಏನೂ ಬರೆಯಕೂಡದೆಂದು ಮನೆಯ ಯಜಮಾನಿ ಅಕ್ಕನಾಗಮ್ಮ ಹೇಳಿಬಿಟ್ಟರು. ಚಿತ್ತಾರವಿಲ್ಲದ ಮನೆಯಲ್ಲಿ ಮಗಳು ಸಂಸಾರ ಹೂಡುವುದೇ? ಜಡೆ ಊರಿನಲ್ಲಿದ್ದ ಅವ್ವ ಗುಡ್ಡಮ್ಮ ಸುಮ್ಮನೆ ಕೂರಲಿಲ್ಲ. ಹಲಸಿನ ಹಲಗೆಗೆ ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ಅರೆದು, ಪುಂಡಿನಾರಿನ ಕುಂಚದಲ್ಲಿ ಬಿಳಿ ಎಳೆ ಎಳೆದು, ಮದುವೆಮನೆಯ ಗೋಡೆಗೆ ಬರೆಯುವ ಚಿತ್ತಾರವನ್ನೆಲ್ಲ ಅದರ ಮೇಲೆ ಬರೆದಳು. ನಡುವೆ ಮದುಮಕ್ಕಳು, ಸುತ್ತ ಜಡೆ ಹೆಣೆದಂಥ ಅಂಚು. ಸೀರೆಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಳು.

ಮುಂದಿನ ಸುಗ್ಗಿಗೆ ಗುಡ್ಡಮ್ಮ ಇರಲಿಲ್ಲ. ಅವಳು ಬರೆದದ್ದೆಂದು ಹುಲಿಯಮ್ಮನಿಗೆ ಉಳಿದದ್ದು ಅದೊಂದೇ. ಈಗ ಥಂಡಿಗೆ ಅಕ್ಕಿಯ ಗೆರೆಗಳು ಪುಡಿಪುಡಿಯಾಗಿ ಉದುರತೊಡಗಿದ್ದವು.

"ವಾರ್ನಿಷ್ ಅಂದ್ರೆ ಗಾಜಿದ್ದಂಗೆ. ಒಳಗಿರೋದು ಕಾಣ್ತೈತೆ, ನೀರು ಮಾತ್ರ ಹೋಗಲ್ಲ" ಎಂದ ಗುತ್ಯಪ್ಪ.

ಬಳಿದ. ಕುಂಚ ಹೋದಲ್ಲೆಲ್ಲ ಕೆಮ್ಮಣ್ಣು ಕಪ್ಪೇರಿ ಹೊಳೆಯಿತು. ಬಿಳಿ ಗೆರೆಗಳು ಮಾತ್ರ ಎಣ್ಣೆ ಕುಡಿದು, ನೀರಿಗೆ ಬಿದ್ದ ಉಪ್ಪಿನಂತೆ ಕಾಣದೆ ಹೋದವು. ಮದುಮಕ್ಕಳಿಲ್ಲ, ಅಂಚಿಲ್ಲ. ಬರೀ ಕೆಂಪು ಹಲಗೆ.

"ಒಣಗ್ಲಿ, ಬರ್ತೈತೆ" ಎಂದ. ದನಿಯಲ್ಲಿ ಧೈರ್ಯವಿರಲಿಲ್ಲ. ಒಣಗಿತು, ಬರಲಿಲ್ಲ. ಹುಲಿಯಮ್ಮ ಜಗಳವಾಡಲಿಲ್ಲ. ಆಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಬಳಿಯಲು ಒಪ್ಪಿದವಳು ತಾನೇ ಅಲ್ಲವೇ ಎಂದುಕೊಂಡು ಹಲಗೆಯ ಮುಂದೆ ಕೂತಳು.

ಮಧ್ಯಾಹ್ನ ಹಲಗೆಯ ಪಕ್ಕದಲ್ಲೇ ಅವಳಿಗೆ ಕಣ್ಣು ಹತ್ತಿತು. ಕನಸಿನಲ್ಲಿ ಗುಡವಿಯ ಕೆರೆ. ಅವ್ವ ಸೊಂಟದ ಮಟ್ಟ ನೀರಿನಲ್ಲಿ ನಿಂತು ನೀರ ಮೇಲೆಯೇ ಎಳೆ ಎಳೆಯುತ್ತಿದ್ದಾಳೆ. ಮೂಡಿದ ಗೆರೆ ಮೂಡಿದಲ್ಲೇ ಮುಳುಗುತ್ತಿದೆ. ಬೆಳ್ಳಕ್ಕಿಗಳು ಅಲುಗಾಡದೆ ನೋಡುತ್ತಿವೆ. "ಯಾಕವ್ವಾ, ಅಳಿಸಿ ಹೋಗ್ತೈತಲ್ಲ" ಎಂದರೆ ಅವ್ವ ತಲೆಯೆತ್ತಲೊಲ್ಲಳು. ಚಿತ್ತಾರಕ್ಕೆ ಕೂತರೆ ಬದುಕಿದ್ದಾಗಲೂ ಅವಳು ಹಾಗೆಯೇ.

ಎಚ್ಚರವಾದಾಗ ಗುತ್ಯಪ್ಪ ಮರ ತಿಕ್ಕುವ ಉಪ್ಪುಕಾಗದ ಹಿಡಿದು ಕೂತಿದ್ದ. ಎರಡನೆಯ ಸಲ ಬಳಿದದ್ದು ಹಿಡಿಯಬೇಕಾದರೆ ಮೊದಲನೆಯದನ್ನು ನಯವಾಗಿ ತಿಕ್ಕಬೇಕು. ಅದು ಆ ಕೆಲಸದ ಕ್ರಮ. ಇಷ್ಟಾದ ಮೇಲೂ ಕ್ರಮ ಬಿಡದ ಗಂಡನನ್ನು ಕಂಡು ಹುಲಿಯಮ್ಮನಿಗೆ ಮೈಯೆಲ್ಲ ಉರಿಯಿತು.

"ಕೊಡ್ರಿ ಇಲ್ಲಿ! ಹಾಳು ಮಾಡೋದಾದ್ರೆ ನಾನೇ ಮಾಡ್ತೀನಿ" ಎಂದು ಕಾಗದ ಕಿತ್ತುಕೊಂಡು ತಿಕ್ಕಿದಳು.

ಬೆಳ್ಳಗೆ ಏನೋ ಕಂಡಿತು. ಪುಡಿಯೆಂದು ಊದಿದಳು, ಹೋಗಲಿಲ್ಲ. ಅವ್ವನ ಎಳೆಗಳು ಹಲಗೆಯಿಂದ ಕೂದಲಷ್ಟು ಮೇಲೆದ್ದಿದ್ದವು. ಕಾಗದ ಮೊದಲು ತಾಗಿದ್ದು ಅವಕ್ಕೇ, ಗೀರಿ ಮಂಕಾಗಿ ಬೆಳ್ಳಗಾದದ್ದೂ ಅವೇ. ಅವಳ ಕೈ ತಾನಾಗಿ ಹಗುರಾಯಿತು. ಅಂಚು ಬಂತು. ಮದುಮಗಳು ಬಂದಳು, ಅವಳ ಹಿಂದೆಯೇ ಮದುಮಗ. ಗುತ್ಯಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

ಪುಡಿ ತೆಗೆಯಲೆಂದು ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಎಲ್ಲ ಮತ್ತೆ ಮಾಯ! ಅಷ್ಟರಲ್ಲಿ ಬಿಸಿಲು ಬಿದ್ದ ಮೂಲೆ ಆರಿತು. ಅಲ್ಲೊಂದು ಎಳೆ ಹುಟ್ಟಿತು, ಅದರ ಪಕ್ಕ ಇನ್ನೊಂದು. ತೇವ ಆರಿದ ಹಾಗೆಲ್ಲ ಗೆರೆ ಮುಂದೆ ಸರಿಯಿತು, ಅವಸರವಿಲ್ಲದೆ, ಕುಂಚ ಅದ್ದುವಷ್ಟು ಹೊತ್ತು ಅಲ್ಲಲ್ಲಿ ನಿಂತು.

ಕಲಿತ ಕೈ ಸುಮ್ಮನಿರಬೇಕಲ್ಲ, ಗುತ್ಯಪ್ಪ ಡಬ್ಬಿಯ ಮುಚ್ಚಳ ತೆಗೆದ. "ಇನ್ನೊಂದು ಸಲ ಬಳಿದ್ರೆ ಮುಗೀತು. ಜಪ್ಪಯ್ಯ ಅಂದ್ರೂ ನೀರಿಳಿಯಲ್ಲ."

ಬಳಿದರೆ ಗೆರೆಗಳು ಮತ್ತೆ ಮುಳುಗುತ್ತವೆ, ಆಮೇಲೆ ಏಳುವುದಿಲ್ಲ. ಹುಲಿಯಮ್ಮ ಹಲಗೆಯಿಂದ ಕಣ್ಣು ಕೀಳದೆ ಅವನ ಮಣಿಕಟ್ಟು ಹಿಡಿದಳು.

"ತಡೀರಿ" ಎಂದಳು ಮೆಲ್ಲಗೆ. "ಅವ್ವ ಇನ್ನೂ ಬರೀತಾ ಇದಾಳೆ."